ಅಮ್ಮ ಕೇಳಿದ್ದು ಒಂದೇ: ಅಡುಗೆಮನೆ ಎಲ್ಲಿ?

ತಮ್ಮ ಜರ್ಮನಿಯ ಮ್ಯೂನಿಕ್‌ಗೆ ಹೋಗಿ ಆರು ವರ್ಷವಾಯಿತು. "ಅಮ್ಮನ್ನ ಕರ್ಕೊಂಡು ಬಾ ಅಕ್ಕ" ಅಂತ ಪ್ರತಿ ವರ್ಷ ಹೇಳುತ್ತಿದ್ದ. ಪ್ರತಿ ವರ್ಷ ಏನಾದರೊಂದು ಅಡ್ಡ ಬರುತ್ತಿತ್ತು. ಕೊನೆಗೆ 2025ರ ಸೆಪ್ಟೆಂಬರ್ ಮೊದಲ ವಾರ ಹೊರಟೇಬಿಟ್ಟೆವು. ಹತ್ತು ದಿನಕ್ಕೆ ಏಳು ದೇಶ ತೋರಿಸುವ ಪ್ಯಾಕೇಜ್ ಬೇಡ ಅಂತ ಮೊದಲೇ ತೀರ್ಮಾನ. ಬಸ್ಸಿನ ಕಿಟಕಿಯಿಂದ ದೇಶ ಎಣಿಸೋಕೆ ಅಷ್ಟು ದೂರ ಯಾಕೆ ಹೋಗಬೇಕು? ಒಂದೇ ಸೀಮೆ, ಒಂದೇ ರಾಜಮನೆತನ, ಅವರ ಮನೆಗಳು. ಅಷ್ಟು ಸಾಕು ಅಂದುಕೊಂಡೆವು. ಮ್ಯೂನಿಕ್ ಇರುವ ಬವೇರಿಯಾ ಸೀಮೆಯನ್ನು 1180ರಿಂದ 1918ರವರೆಗೆ ಆಳಿದ ವಿಟೆಲ್ಸ್‌ಬಾಖ್ ಮನೆತನ ಅದು. ನಮ್ಮ ಮೈಸೂರು ಒಡೆಯರಿಗಿಂತ ಇನ್ನೂರು ವರ್ಷ ಮೊದಲೇ ಶುರುವಾದವರು.

ಅಮ್ಮ ಹಾಸನದ ಕಡೆ ಹಳ್ಳಿ ಶಾಲೆಯಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದವಳು. ಯಾರ ಮನೆಗೆ ಹೋದರೂ ಸೀದಾ ಅಡುಗೆಮನೆಗೆ ನುಗ್ಗುತ್ತಾಳೆ. ಅದನ್ನು ನೋಡದಿದ್ದರೆ ಅವಳಿಗೆ ಮನೆ ನೋಡಿದ ಹಾಗಾಗುವುದಿಲ್ಲ. ಅರಮನೆಗಳಲ್ಲೂ ಅದೇ ಶುರುವಾಗುತ್ತೆ ಅಂತ ನನಗೆ ಹೊಳೆದಿರಲಿಲ್ಲ.

ಮೊದಲ ದಿನ: ರೆಸಿಡೆನ್ಸ್

ಮ್ಯೂನಿಕ್ ಪೇಟೆಯ ನಟ್ಟನಡುವೆ ಇರುವ ಅರಮನೆ. 1385ರಲ್ಲಿ ಸಣ್ಣ ಕೋಟೆಯಾಗಿ ಶುರುವಾಗಿ, ಬಂದ ರಾಜರೆಲ್ಲ ಒಂದೊಂದು ಅಂಗಳ, ಒಂದೊಂದು ಸಾಲು ಸೇರಿಸುತ್ತಾ ಹೋಗಿ, ಈಗ ಯಾವ ಕಡೆಯಿಂದ ಒಳಗೆ ಬಂದೆವು ಅನ್ನುವುದೇ ಮರೆತುಹೋಗುವಷ್ಟು ದೊಡ್ಡದಾಗಿದೆ. ಬಾಗಿಲ ಬಳಿ ಕಂಚಿನ ಸಿಂಹಗಳು. ಅವು ಹಿಡಿದ ಗುರಾಣಿಯ ಮೇಲೆ ಪುಟ್ಟ ಮುಖಗಳಿವೆ. ಹೋಗಿಬರುವವರೆಲ್ಲ ಅದೃಷ್ಟ ಬರಲಿ ಅಂತ ಸವರಿ ಸವರಿ ಅಷ್ಟು ಜಾಗ ಮಾತ್ರ ಚಿನ್ನದ ಹಾಗೆ ಫಳಫಳ. ಅಮ್ಮನೂ ಸವರಿದಳು, ಕಣ್ಣಿಗೂ ಒತ್ತಿಕೊಂಡಳು.

ಒಳಗೆ ನೆನಪಲ್ಲಿ ಉಳಿದದ್ದು ಆಂಟಿಕ್ವೇರಿಯಂ. 66 ಮೀಟರ್ ಉದ್ದದ, ಕಮಾನು ಚಾವಣಿಯ ಹಜಾರ. ಐದನೇ ಆಲ್ಬ್ರೆಕ್ಟ್ ತಾನು ಕೂಡಿಸಿಟ್ಟ ಹಳೇ ಶಿಲ್ಪಗಳಿಗೆಂದು 1568ರಲ್ಲಿ ಕಟ್ಟಿಸಲು ಶುರುಮಾಡಿದ್ದು. ಎರಡೂ ಬದಿ ರೋಮನ್ ತಲೆಗಳ ಸಾಲು, ಮದುವೆ ಊಟದ ಪಂಕ್ತಿಯಲ್ಲಿ ಕೂತ ಹಾಗೆ. ಇನ್ನೊಂದು ಕಡೆ ವಂಶದವರ ಚಿತ್ರಗಳ ಗ್ಯಾಲರಿ, ನೂರಕ್ಕೂ ಜಾಸ್ತಿ ಮುಖಗಳು. ಇಪ್ಪತ್ತನೆಯದಕ್ಕೆ ಎಲ್ಲರ ಮೂಗೂ ಒಂದೇ ಥರ ಕಾಣಿಸತೊಡಗಿತು.

1944ರ ಬಾಂಬ್ ದಾಳಿಯಲ್ಲಿ ಈ ಅರಮನೆಯ ಚಾವಣಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಈಗ ನೋಡುವುದರಲ್ಲಿ ಬಹಳಷ್ಟು ಯುದ್ಧದ ನಂತರ ಮತ್ತೆ ಕಟ್ಟಿದ್ದು. ತಮ್ಮ ಹೇಳದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಪಿಂಗಾಣಿ ತಟ್ಟೆ, ಬೆಳ್ಳಿ ಪಾತ್ರೆ ಕೋಣೆ ಕೋಣೆ ತುಂಬ ಜೋಡಿಸಿಟ್ಟಿದ್ದಾರೆ. ಅಮ್ಮ ಎಲ್ಲವನ್ನೂ ನೋಡಿ, "ಇಷ್ಟು ತಟ್ಟೆ ಇದೆ, ಬೇಯಿಸ್ತಿದ್ದಿದ್ದು ಎಲ್ಲಿ?" ಅಂದಳು. ನಾವು ನಡೆದ ದಾರಿಯಲ್ಲಿ ಎಲ್ಲೂ ಅಡುಗೆಮನೆ ಸಿಗಲಿಲ್ಲ.

ಎರಡನೇ ದಿನ: ನಿಂಫೆನ್‌ಬುರ್ಗ್

17ನೇ ನಂಬರ್ ಟ್ರಾಮ್ ಹಿಡಿದರೆ ಅರಮನೆ ಹತ್ತಿರವೇ ಇಳಿಯಬಹುದು. ತುಂಬಾ ವರ್ಷ ಕಾದ ಮೇಲೆ 1662ರಲ್ಲಿ ಗಂಡುಮಗು ಹುಟ್ಟಿದ ಖುಷಿಗೆ ಫರ್ಡಿನಾಂಡ್ ಮರಿಯಾ ತನ್ನ ಹೆಂಡತಿಗೆ ಈ ಜಾಗ ಕೊಟ್ಟ. ಎರಡು ವರ್ಷದ ನಂತರ ಕಟ್ಟಡ ಶುರುವಾಯಿತು. ಮುಂಭಾಗ ಅರ್ಧ ಕಿಲೋಮೀಟರಿಗೂ ಜಾಸ್ತಿ ಅಗಲ. ಬಾಣಂತಿಗೆ ಕೊಟ್ಟ ಉಡುಗೊರೆ ಅಂದರೆ ಇದು ನೋಡಿ. "ನಿಮ್ಮಪ್ಪ ನೀನು ಹುಟ್ಟಿದಾಗ ಒಂದು ಸ್ಟೀಲ್ ಡಬ್ಬಿ ತಂದ್ರು" ಅಂದಳು ಅಮ್ಮ. ಆ ಡಬ್ಬಿ ಈಗಲೂ ಇದೆ, ಅವಲಕ್ಕಿ ತುಂಬಿಡುತ್ತೇವೆ.

ಒಳಗೆ ಒಂದು ಕೋಣೆಯಲ್ಲಿ 36 ಸುಂದರಿಯರ ಚಿತ್ರಗಳು. ಮೊದಲನೇ ಲೂಡ್ವಿಗ್ ತನ್ನ ಕಣ್ಣಿಗೆ ಚೆಂದ ಕಂಡವರನ್ನೆಲ್ಲ ಯೋಸೆಫ್ ಸ್ಟೀಲರ್ ಅನ್ನುವ ಕಲಾವಿದನಿಂದ ಬರೆಸಿದ. ರಾಜಕುಮಾರಿಯರ ಪಕ್ಕದಲ್ಲೇ ಶೂ ಹೊಲಿಯುವವನ ಮಗಳು ಹೆಲೆನ್ ಸೆಡ್ಲ್‌ಮಾಯರ್. ಮತ್ತೊಂದು ಕಡೆ ಲೋಲಾ ಮೊಂಟೆಜ್. ಐರ್ಲೆಂಡಿನಲ್ಲಿ ಹುಟ್ಟಿ, ಸ್ಪೇನಿನ ನರ್ತಕಿ ಅಂತ ಹೇಳಿಕೊಂಡು ಬಂದವಳು. ಅವಳ ಮೇಲಿನ ಮೋಹ ಊರೆಲ್ಲ ಗಲಾಟೆಯಾಗಿ 1848ರಲ್ಲಿ ರಾಜ ಪಟ್ಟ ಬಿಡಬೇಕಾಯಿತು. ಇದೇ ಲೂಡ್ವಿಗ್‌ನ ಮದುವೆಗೆ 1810ರಲ್ಲಿ ನಡೆದ ಕುದುರೆ ಓಟದಿಂದಲೇ ಮ್ಯೂನಿಕ್ಕಿನ ಅಕ್ಟೋಬರ್ ಬಿಯರ್ ಜಾತ್ರೆ ಹುಟ್ಟಿದ್ದು. ಹೆಂಡತಿ ಹೆಸರಲ್ಲಿ ಜಾತ್ರೆ ಮೈದಾನ, ಮನೆಯೊಳಗೆ 36 ಚಿತ್ರ!

ಆಚೆ ಹಸಿರು ರೇಷ್ಮೆಯ ಮಲಗುವ ಕೋಣೆ. 1845ರ ಆಗಸ್ಟ್ 25ರಂದು ಇಲ್ಲಿ ಅವನ ಮೊಮ್ಮಗ ಎರಡನೇ ಲೂಡ್ವಿಗ್ ಹುಟ್ಟಿದ. ಉಳಿದ ದಿನಗಳೆಲ್ಲ ನಾವು ಇವನ ಹಿಂದೆಯೇ ಅಲೆದೆವು.

ಆದರೆ ಆ ದಿನದ ಮುಖ್ಯ ಸಂಗತಿ ಅರಮನೆಯಲ್ಲಿ ಇರಲಿಲ್ಲ. ಹಿಂದಿನ ತೋಟದಲ್ಲಿ ಅಮಾಲಿಯೆನ್‌ಬುರ್ಗ್ ಅಂತ ಒಂದು ಪುಟ್ಟ ಬೇಟೆಮನೆ ಇದೆ. ಗುಲಾಬಿ ಬಣ್ಣದ ಒಂಟಿ ಅಂತಸ್ತು, 1734ರಿಂದ 39ರ ನಡುವೆ ಕಟ್ಟಿದ್ದು. ರಾಣಿ ಅಮಾಲಿಯಾ ಇದರ ಮಾಳಿಗೆ ಮೇಲೆ ನಿಂತು ಕಾಡುಕೋಳಿ ಹೊಡೆಯುತ್ತಿದ್ದಳಂತೆ. ಕಟ್ಟಿದವನು ಫ್ರಾಂಸ್ವಾ ಕ್ಯುವಿಯೆ. ಕುಳ್ಳ ಅನ್ನುವ ಕಾರಣಕ್ಕೆ ದರ್ಬಾರಿನ ತಮಾಷೆಗೆ ಸೇರಿದ್ದ ಹುಡುಗ. ಬುದ್ಧಿ ಚುರುಕು ಅಂತ ರಾಜ ಅವನನ್ನು ಪ್ಯಾರಿಸ್ಸಿಗೆ ಓದಲು ಕಳಿಸಿದ. ವಾಪಸ್ ಬಂದು ಆಸ್ಥಾನದ ದೊಡ್ಡ ಆರ್ಕಿಟೆಕ್ಟ್ ಆದ.

ನಡುವೆ ಬೆಳ್ಳಿ-ನೀಲಿ ಕನ್ನಡಿಯ ದುಂಡು ಕೋಣೆ. ಒಂದು ಬದಿಗೆ ನಾಯಿಗಳ ಕೋಣೆ, ಗೋಡೆಯುದ್ದಕ್ಕೂ ಬಣ್ಣ ಬಳಿದ ಗೂಡುಗಳು. ಇನ್ನೊಂದು ಬದಿಯ ಬಾಗಿಲು ದಾಟಿದ ಅಮ್ಮ "ಅಯ್ಯೋ, ಇಲ್ಲಿದೆ ನೋಡು!" ಅಂತ ಕೂಗಿಯೇ ಬಿಟ್ಟಳು. ಅಡುಗೆಮನೆ! ನೆಲದಿಂದ ಮೇಲಿನವರೆಗೂ ಹಾಲೆಂಡಿನ ಟೈಲ್ಸ್. ಒಂದು ಪಕ್ಕದಲ್ಲಿ ಗಾರೆಯ ಒಲೆ.

ಈ ಒಲೆ ಸಾಮಾನ್ಯದ್ದಲ್ಲ. ಆಗಿನ ಯುರೋಪಿನ ಅಡುಗೆಮನೆಗಳಲ್ಲಿ ಬೆಂಕಿ ಬಯಲಲ್ಲೇ ಉರಿಯುತ್ತಿತ್ತು. ಹೊಗೆ, ಕಿಡಿ, ಅರ್ಧ ಶಾಖ ಗೋಡೆಗೆ. ಕ್ಯುವಿಯೆ 1735ರಲ್ಲಿ ಬೆಂಕಿಯನ್ನು ಗಾರೆಯ ಗೂಡಿನೊಳಗೆ ಮುಚ್ಚಿಟ್ಟ. ಮೇಲೆ ಕಣ್ಣುಗಳನ್ನು ಬಿಟ್ಟು, ತೂತಿನ ಕಬ್ಬಿಣದ ತಟ್ಟೆ ಮುಚ್ಚಿದ. ಯುರೋಪಿನ ಒಲೆಗಳ ಚರಿತ್ರೆ ಬರೆಯುವವರು ಈ ಒಲೆಯ ಹೆಸರು ಹೇಳದೆ ಮುಂದೆ ಹೋಗುವುದಿಲ್ಲ.

ಅಮ್ಮ ಹಗ್ಗದ ಆಚೆಗೇ ಬಗ್ಗಿ ಬಗ್ಗಿ ನೋಡಿದಳು. "ಇದು ನಮ್ಮಜ್ಜಿ ಮನೆ ಕೋಡೊಲೆ ಅಲ್ವಾ? ಒಂದು ಕಡೆ ಸೌದೆ ಒಟ್ಟಿದ್ರೆ ಮುಂದಿಂದ್ರಲ್ಲಿ ಅನ್ನ, ಕೋಡಲ್ಲಿ ಬೇಳೆ."

"ಇದು ರಾಜರ ಆರ್ಕಿಟೆಕ್ಟ್ ಕಂಡುಹಿಡಿದಿದ್ದು ಅಮ್ಮ" ಅಂದ ತಮ್ಮ.

"ಅದನ್ನ ನಮ್ಮಜ್ಜಿ ಕೈಯಾರೆ ಮಣ್ಣಲ್ಲಿ ಮಾಡ್ತಿದ್ಲು ಕಣೋ. ಪ್ಯಾರಿಸ್ಸಿಗೆ ಹೋಗಿರ್ಲಿಲ್ಲ."

ಮೂರನೇ ದಿನ: ನಾನು ನೋಡದ ಅರಮನೆ

ಇದನ್ನು ಹೇಳಿಕೊಳ್ಳಲು ನಾಚಿಕೆ. ಎರಡನೇ ಲೂಡ್ವಿಗ್ ಬೆಟ್ಟದ ಮೇಲೆ ಕಟ್ಟಿಸಿದ ನೊಯ್‌ಶ್ವಾನ್‌ಸ್ಟೈನ್ ಒಳಗೆ ನಾನು ಹೋಗಲಿಲ್ಲ.

ಬೆಳಗ್ಗೆ ಬೇಗ ಹೊರಟು ಎರಡು ಗಂಟೆ ರೈಲಿನಲ್ಲಿ ಫ್ಯುಸ್ಸೆನ್. ಅಲ್ಲಿಂದ ಬಸ್ಸು. ಮೊದಲು ಕೆಳಗಿನ ಹಳದಿ ಕೋಟೆ, ಹೋಹೆನ್‌ಶ್ವಾಂಗೌ. ಲೂಡ್ವಿಗ್‌ನ ಅಪ್ಪ ಮ್ಯಾಕ್ಸಿಮಿಲಿಯನ್ 1832ರಲ್ಲಿ ಪಾಳುಬಿದ್ದ ಕೋಟೆಯನ್ನು ಕೊಂಡು ರಿಪೇರಿ ಮಾಡಿಸಿದ್ದು. ಲೂಡ್ವಿಗ್ ಬೆಳೆದದ್ದು ಇಲ್ಲೇ. ಗೋಡೆ ತುಂಬ ಹಂಸ, ವೀರರು, ಹಳೇ ಜರ್ಮನ್ ಕಥೆಗಳು. ಅವನ ಮಲಗುವ ಕೋಣೆಯ ಚಾವಣಿಯಲ್ಲಿ ದೀಪ ಹಚ್ಚಿದರೆ ನಕ್ಷತ್ರ ಕಾಣುವ ಏರ್ಪಾಡು. ಕಿಟಕಿಯ ಬಳಿ ದುರ್ಬೀನು. ಎದುರಿನ ಬೆಟ್ಟದ ಮೇಲೆ ತನ್ನ ಹೊಸ ಅರಮನೆ ಎಷ್ಟು ಎದ್ದಿದೆ ಅಂತ ಇಲ್ಲಿಂದಲೇ ನೋಡುತ್ತಿದ್ದ. ಮನೆ ಕಟ್ಟಿಸುವವರಿಗೆ ಈ ಚಟ ಅರ್ಥವಾಗುತ್ತೆ. ನಮ್ಮಪ್ಪ ದಿನಕ್ಕೆ ಮೂರು ಸಲ ಸೈಟಿಗೆ ಹೋಗಿ ಇಟ್ಟಿಗೆ ಎಣಿಸುತ್ತಿದ್ದರು.

ಆಮೇಲೆ ಮೇಲಿನ ಅರಮನೆ. ಟಿಕೆಟ್ಟಿನಲ್ಲಿ ಒಳಗೆ ಬಿಡುವ ಸಮಯ ನಿಮಿಷ ಸಮೇತ ಇರುತ್ತೆ. ಬೆಟ್ಟ ಹತ್ತಿ ಅಮ್ಮನಿಗೆ ಸುಸ್ತಾಗಿತ್ತು. ಅವಳನ್ನು ಗೇಟಿನ ಹತ್ತಿರ ಕೂರಿಸಿ, ಅವಳ ಟಿಕೆಟ್ ಅವಳ ಕೈಗೇ ಕೊಟ್ಟು, "ಹತ್ತು ನಿಮಿಷ, ಸುಮ್ನೆ ಸೇತುವೆಯಿಂದ ಒಂದು ಫೋಟೋ" ಅಂತ ನಾವಿಬ್ಬರೂ ಮರಿಯೆನ್‌ಬ್ರ್ಯುಕೆ ಕಡೆ ಓಡಿದೆವು. ರಾಜನ ತಾಯಿಯ ಹೆಸರಿನ ಸೇತುವೆ, ಕೆಳಗೆ ಕಮರಿ, ಎದುರಿಗೆ ಅರಮನೆ. ಕ್ಯಾಲೆಂಡರಿನಲ್ಲಿ ನೋಡುತ್ತೀವಲ್ಲ, ಅದೇ ನೋಟ. ಆದರೆ ಸೇತುವೆ ಮೇಲೆ ತೇರು ಎಳೆಯುವ ದಿನದ ನೂಕುನುಗ್ಗಲು. ವಾಪಸ್ ಬರುವಷ್ಟರಲ್ಲಿ ನಾಲ್ಕು ನಿಮಿಷ ಲೇಟು. ಗೇಟು ತೆರೆಯಲಿಲ್ಲ. ತಪ್ಪು ನಮ್ಮದೇ, ಜಗಳವಾಡಲೂ ಮುಖವಿಲ್ಲ.

ಅಮ್ಮ ಕಾಣಲಿಲ್ಲ. ಎದೆ ಧಸಕ್ ಅಂದಿತು. ಆಮೇಲೆ ಗೊತ್ತಾಯಿತು: ಬೋರ್ಡಿನಲ್ಲಿ ತನ್ನ ನಂಬರ್ ಬಂದ ತಕ್ಷಣ ಅವಳು ಟಿಕೆಟ್ ತೋರಿಸಿ ಒಳಗೆ ಹೋಗಿದ್ದಳು. ಮಕ್ಕಳಿಗೆ ಬೆಲ್ ಆದ ಮೇಲೆ ಕ್ಲಾಸಿಗೆ ಬರಬಾರದು ಅಂತ ಮೂವತ್ತು ವರ್ಷ ಹೇಳಿದವಳು ಮತ್ತೇನು ಮಾಡುತ್ತಾಳೆ?

ಮುಕ್ಕಾಲು ಗಂಟೆಯ ಮೇಲೆ ಹೊರಬಂದಳು. ಮುಖ ಅರಳಿತ್ತು. ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಹಾಗಾಗಿ ಎಲ್ಲವನ್ನೂ ಕೈಯಲ್ಲಿ ಅಭಿನಯಿಸಿ ತೋರಿಸಿದಳು. "ಸಿಂಹಾಸನದ ಕೋಣೆ ಇದೆ, ಸಿಂಹಾಸನ ಇಲ್ಲ! ಮಾಡ್ಸೋಕೆ ಮುಂಚೆನೇ ಹೋಗ್ಬಿಟ್ನಂತೆ. ನೆಲದ ಮೇಲೆ ಸಣ್ಣ ಸಣ್ಣ ಕಲ್ಲಲ್ಲಿ ಪ್ರಾಣಿಗಳು. ಮಂಚದ ಕೆತ್ತನೆ ಅಂತೂ... ಹದಿನಾಲ್ಕು ಜನ ನಾಲ್ಕೂವರೆ ವರ್ಷ ಕೆತ್ತಿದ್ರಂತೆ ಆ ಕೋಣೇನ. ಮುಖ ತೊಳಿಯೋ ನಲ್ಲಿ ಹಂಸದ ಥರ. ಓದೋ ಕೋಣೆ ಪಕ್ಕದಲ್ಲಿ ಒಂದು ಗುಹೆ, ಮನೆ ಒಳಗೆ ಗುಹೆ ಕಣೇ!"

ಸ್ವಲ್ಪ ತಡೆದು ಕೊನೆಯ ಬಾಣ ಬಿಟ್ಟಳು. "ಕೆಳಗೆ ಅಡುಗೆಮನೆ ನೋಡಿದೆ. ನಿಧಾನವಾಗಿ."

1880ರ ದಶಕಕ್ಕೆ ಅದು ತುಂಬಾ ಹೊಸ ಥರದ ಅಡುಗೆಮನೆ. ನಲ್ಲಿಯಲ್ಲಿ ಬಿಸಿನೀರು, ತಣ್ಣೀರು. ಒಲೆಯ ಬಿಸಿಗಾಳಿ ಮೇಲೇರುವಾಗ ಚಕ್ರ ತಿರುಗಿ, ಮಾಂಸ ಸುಡುವ ಕಂಬಿ ತಾನಾಗಿ ಸುತ್ತುತ್ತಿತ್ತು. ತಟ್ಟೆ ಬೆಚ್ಚಗಿಡಲು ಬೀರು. ಮೂರು ಮಹಡಿ ಮೇಲಿನ ಊಟದ ಕೋಣೆಗೆ ಅಡುಗೆ ಕಳಿಸಲು ಪುಟ್ಟ ಲಿಫ್ಟ್. "ಅಷ್ಟೆಲ್ಲ ಇದ್ದು ಎಷ್ಟು ದಿನ ಅಡುಗೆ ಮಾಡಿದ್ರಂತೆ ಅಂತ ಕೇಳು" ಅಂದಳು. 1869ರಲ್ಲಿ ಅಡಿಗಲ್ಲು ಬಿದ್ದ ಈ ಅರಮನೆಯಲ್ಲಿ ಲೂಡ್ವಿಗ್ ಇದ್ದದ್ದು ಎಲ್ಲ ಕೂಡಿ 172 ದಿನ.

ಒಂದು ವಿಷಯ ನಮಗೆಲ್ಲ ಆಶ್ಚರ್ಯ ತಂದಿತು. ನೋಡಲು ಸಾವಿರ ವರ್ಷದ ಕೋಟೆ ಥರ ಇದೆ. ಆದರೆ ನಮ್ಮ ಈಗಿನ ಮೈಸೂರು ಅರಮನೆಗಿಂತ ಮೂವತ್ತು ವರ್ಷವೂ ಹಳೆಯದಲ್ಲ. ಮೈಸೂರಿನ ಮರದ ಅರಮನೆ 1897ರಲ್ಲಿ ಮದುವೆ ಮನೆಯ ಬೆಂಕಿಗೆ ಸುಟ್ಟಮೇಲೆ ಈಗಿನದು ಶುರುವಾಗಿ 1912ಕ್ಕೆ ಮುಗಿಯಿತು. ನೊಯ್‌ಶ್ವಾನ್‌ಸ್ಟೈನಿನ ಗೋಡೆಯೊಳಗೆ ಇರುವುದು ಇಟ್ಟಿಗೆ. 1879-80ರ ಎರಡು ವರ್ಷದಲ್ಲೇ 4 ಲಕ್ಷ ಇಟ್ಟಿಗೆ ಬಳಸಿದ ಲೆಕ್ಕವಿದೆ. ನಕ್ಷೆಯ ಮೊದಲ ಚಿತ್ರ ಬರೆದವನು ನಾಟಕದ ಪರದೆ ಬರೆಯುವ ಕ್ರಿಸ್ಟಿಯಾನ್ ಯಾಂಕ್. ಅದು ಗೊತ್ತಾದ ಮೇಲೆ ಸೇತುವೆಯ ಫೋಟೋ ಮತ್ತೆ ತೆಗೆದು ನೋಡಿದೆ. ಹೌದು, ಪರದೆಯೇ.

ನಾಲ್ಕನೇ ದಿನ

ಮಳೆ. ಬಟ್ಟೆ ಒಗೆದೆವು. ಅಮ್ಮ ಸಾರು ಮಾಡಿದಳು.

ಐದನೇ ದಿನ: ಲಿಂಡರ್‌ಹೋಫ್

ಒಬೆರಾಮೆರ್‌ಗೌ ತನಕ ರೈಲು, ಅಲ್ಲಿಂದ ಬಸ್ಸು. ಬೆಟ್ಟಗಳ ನಡುವಿನ ಕಣಿವೆಯಲ್ಲಿ ಬಿಳಿ ಬೊಂಬೆಮನೆ. ಲೂಡ್ವಿಗ್ ಕಟ್ಟಿಸಿದ ಮೂರರಲ್ಲಿ ಇದೇ ಚಿಕ್ಕದು. ಮುಗಿದದ್ದೂ ಇದೊಂದೇ. ಅವನು ಜಾಸ್ತಿ ದಿನ ಇದ್ದದ್ದೂ ಇಲ್ಲೇ. ಮುಂದೆ ಕೊಳ, ಚಿನ್ನದ ಬಣ್ಣದ ಬೊಂಬೆಗಳು. ಅರ್ಧ ಗಂಟೆಗೊಮ್ಮೆ ಕಾರಂಜಿ ಇಪ್ಪತ್ತು ಮೀಟರಿಗಿಂತ ಎತ್ತರ ಚಿಮ್ಮುತ್ತೆ. ಪಂಪ್ ಇಲ್ಲ, ಬೆಟ್ಟದಿಂದ ಇಳಿದು ಬರುವ ನೀರಿನ ಒತ್ತಡವೇ ಸಾಕು.

ಬಾಗಿಲು ದಾಟಿದರೆ ಫ್ರಾನ್ಸಿನ ಹದಿನಾಲ್ಕನೇ ಲೂಯಿ ಕುದುರೆ ಮೇಲೆ ಕೂತಿದ್ದಾನೆ. ಲೂಯಿ ಅಂದರೂ ಲೂಡ್ವಿಗ್ ಅಂದರೂ ಒಂದೇ ಹೆಸರು. ಆ ನಂಟನ್ನು ಇವನು ತಲೆಗೆ ಹಚ್ಚಿಕೊಂಡುಬಿಟ್ಟಿದ್ದ. ಇವನ ಕಾಲದಲ್ಲಿ ಬವೇರಿಯಾ ರಾಜನಿಗೆ ಸಂವಿಧಾನದ ಕಟ್ಟುಪಾಡಿತ್ತು. 1871ರಿಂದ ಮೇಲೆ ಪ್ರಷ್ಯಾದ ಚಕ್ರವರ್ತಿ ಕೂತಿದ್ದ. ನಿಜವಾದ ಅಧಿಕಾರ ಕರಗಿದಷ್ಟೂ ಇವನ ಗೋಡೆಯ ಚಿನ್ನ ದಪ್ಪವಾಗುತ್ತಾ ಹೋಯಿತು ಅಂತ ನನಗನ್ನಿಸಿದೆ.

ಊಟದ ಕೋಣೆಯಲ್ಲಿ ಗೈಡ್ ನಿಂತಳು. ನಡುವೆ ಒಂದೇ ಒಂದು ಮೇಜು. ಅದರ ಕೆಳಗಿನ ನೆಲ ಇಡಿಯಾಗಿ ಕೆಳಗಿಳಿಯುತ್ತಿತ್ತು. ಕೆಳಗೆ ಅಡುಗೆಯವರು ತಟ್ಟೆ ಜೋಡಿಸಿ, ಬಿಸಿ ಬಿಸಿ ಬಡಿಸಿ, ಹಿಡಿ ತಿರುಗಿಸಿ ಮೇಲೆ ಕಳಿಸುತ್ತಿದ್ದರು. ಜರ್ಮನ್ ಅಜ್ಜಿಕಥೆಯೊಂದರಲ್ಲಿ ಹೇಳಿದ ತಕ್ಷಣ ಊಟ ತುಂಬಿಕೊಳ್ಳುವ ಮೇಜು ಬರುತ್ತದಂತೆ, ಇದಕ್ಕೂ ಅದೇ ಹೆಸರು. ಯಾಕೆ ಅಂದರೆ ರಾಜನಿಗೆ ಊಟದ ಹೊತ್ತಲ್ಲಿ ಆಳುಗಳ ಮುಖ ಕಾಣಬಾರದಿತ್ತು. ಹಗಲು ಮಲಗಿ ರಾತ್ರಿ ಎದ್ದಿರುತ್ತಿದ್ದ. ಒಬ್ಬನೇ ಕೂತರೂ ಮೂರು ನಾಲ್ಕು ಜನಕ್ಕಾಗುವಷ್ಟು ಅಡುಗೆ ಬರಬೇಕಿತ್ತು ಅಂತ ಅವನ ಅಡುಗೆಯವರಲ್ಲೊಬ್ಬ ಆಮೇಲೆ ಬರೆದಿದ್ದಾನೆ. ಎದುರಿಗೆ ಸತ್ತುಹೋದ ಫ್ರೆಂಚ್ ರಾಜರು, ರಾಣಿಯರು ಕೂತಿದ್ದಾರೆ ಅನ್ನುವ ಹಾಗೆ ಮಾತಾಡುತ್ತಿದ್ದನಂತೆ. ಹಲ್ಲು ಹಾಳಾಗಿದ್ದರಿಂದ ಎಲ್ಲವೂ ಮೆತ್ತಗಿರಬೇಕಿತ್ತು.

ನಾನು ಪಿಸುಮಾತಲ್ಲಿ ಅಮ್ಮನಿಗೆ ಹೇಳುತ್ತಾ ಹೋದೆ. ಅವಳು ಮೇಜಿನ ಸುತ್ತ ನೆಲದಲ್ಲಿ ಕಾಣುವ ಗೆರೆಯನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಬಡಿಸೋರು ಯಾರೂ ಇರ್ತಿರ್ಲಿಲ್ವಾ?"

"ಇಲ್ಲಮ್ಮ."

"ಇನ್ನೊಂದು ಸ್ವಲ್ಪ ಬೇಕು ಅಂದ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಗೈಡ್ ಅಷ್ಟರಲ್ಲಿ ಮುಂದಿನ ಕೋಣೆಗೆ ಹೋಗಿದ್ದಳು. ಅಮ್ಮ ಅಲ್ಲೇ ನಿಂತಿದ್ದಳು.

ತೋಟದ ಮೇಲ್ಗಡೆ ವೀನಸ್ ಗುಹೆ. ಬಹಳ ವರ್ಷ ರಿಪೇರಿಗೆ ಮುಚ್ಚಿ, ನಾವು ಹೋದ ವರ್ಷವೇ ಮತ್ತೆ ತೆರೆದಿದ್ದರು. ಗುಹೆ, ಕೆರೆ, ಕಲ್ಲು ಎಲ್ಲ ಕೃತಕ. ಶಂಖದಾಕಾರದ ದೋಣಿ. 1878ರಲ್ಲಿ 24 ಡೈನಮೋ ಕೂರಿಸಿ ಬಣ್ಣದ ದೀಪ ಹಚ್ಚಿಸಿದ. ಶಿವನಸಮುದ್ರದ ಕರೆಂಟು ಕೋಲಾರದ ಗಣಿಗೆ ಹರಿದದ್ದು 1902ರಲ್ಲಿ. ಅದಕ್ಕೂ 24 ವರ್ಷ ಮೊದಲು, ಒಬ್ಬನೇ ಮನುಷ್ಯ ರಾತ್ರಿ ನೀಲಿ ಬೆಳಕಲ್ಲಿ ಕೂರಲಿ ಅಂತ ಇಷ್ಟೆಲ್ಲ. ತಮ್ಮ ಎಲೆಕ್ಟ್ರಿಕಲ್ ಎಂಜಿನಿಯರ್, ಗುಹೆಗಿಂತ ಡೈನಮೋ ವಿಷಯವೇ ಜಾಸ್ತಿ ಕೇಳಿದ.

ಆರನೇ ದಿನ: ಹೆರೆನ್‌ಕೀಮ್‌ಸೇ

ಪ್ರೀನ್ ಅನ್ನುವ ಊರಲ್ಲಿ ಇಳಿದು, 1887ರಿಂದ ಓಡುತ್ತಿರುವ ಪುಟ್ಟ ರೈಲಿನಲ್ಲಿ ಕೆರೆದಂಡೆಗೆ. ಅಲ್ಲಿಂದ ಅರಮನೆ ಇರುವ ದ್ವೀಪಕ್ಕೆ ದೋಣಿ. ಈ ರೈಲು ಹಾಕಿದ್ದೇ ರಾಜ ಸತ್ತ ಮೇಲೆ ಅರಮನೆ ನೋಡಲು ಬಂದ ಜನಕ್ಕಾಗಿ.

ಈ ದ್ವೀಪದ ಕಾಡನ್ನು ಮರದ ವ್ಯಾಪಾರಿಗಳು ಕಡಿಯಲಿದ್ದರು. ಲೂಡ್ವಿಗ್ 1873ರಲ್ಲಿ ದ್ವೀಪವನ್ನೇ ಕೊಂಡ. ಆ ಮಟ್ಟಿಗೆ ಪುಣ್ಯಾತ್ಮ. 1878ರಲ್ಲಿ ಇಲ್ಲಿ ಅದೇ ಹದಿನಾಲ್ಕನೇ ಲೂಯಿಯ ವರ್ಸೇಲ್ಸ್ ಅರಮನೆಯ ನಕಲು ಕಟ್ಟಿಸತೊಡಗಿದ. ಕನ್ನಡಿ ಹಜಾರ ಅಕ್ಕಪಕ್ಕದ ಕೋಣೆ ಸೇರಿ ಹತ್ತಿರ ಹತ್ತಿರ ನೂರು ಮೀಟರ್, ಮೂಲಕ್ಕಿಂತಲೂ ಉದ್ದ. ಖರ್ಚು 1 ಕೋಟಿ 66 ಲಕ್ಷ ಮಾರ್ಕ್. ಮಿಕ್ಕ ಎರಡೂ ಸೇರಿದರೂ ಅಷ್ಟಾಗಲಿಲ್ಲ. ಇಲ್ಲಿ ಅವನು ಇದ್ದದ್ದು 1885ರ ಸೆಪ್ಟೆಂಬರಿನಲ್ಲಿ ಸುಮಾರು ಹತ್ತು ದಿನ. ಇಲ್ಲೂ ಇಳಿಯುವ ಮೇಜು ಇದೆ. ಅಮ್ಮ ಈ ಸಲ ಏನೂ ಕೇಳಲಿಲ್ಲ.

ನನಗೆ ಚಿನ್ನದ ಕೋಣೆಗಳು ಅಷ್ಟಕ್ಕಷ್ಟೇ. ಇಷ್ಟವಾದದ್ದು ಮುಗಿಯದ ಭಾಗ. ಎರಡು ದೊಡ್ಡ ಮೆಟ್ಟಿಲ ಹಜಾರಗಳಿವೆ. ಒಂದು ಅಮೃತಶಿಲೆ, ಚಿತ್ರ, ಬೆಳಕು. ಇನ್ನೊಂದು ಬರೀ ಇಟ್ಟಿಗೆ. ಗಾರೆಯೂ ಇಲ್ಲ. ಲೋನ್ ನಿಂತುಹೋಗಿ ಅರ್ಧಕ್ಕೆ ಬಿಟ್ಟ ಮನೆಯನ್ನು ನಮ್ಮೂರ ರಸ್ತೆಯಲ್ಲಿ ನೋಡುತ್ತೀವಲ್ಲ, ಥೇಟ್ ಹಾಗೆ. ನಿಜವಾಗಿಯೂ ಅದೇ ಕಥೆ. 1886ರ ಹೊತ್ತಿಗೆ ಅವನ ಸಾಲ 1 ಕೋಟಿ 40 ಲಕ್ಷ ಮಾರ್ಕ್ ತಲುಪಿತ್ತು. ಸರ್ಕಾರದ ದುಡ್ಡಲ್ಲ, ತನ್ನದೇ ಹೆಸರಿನ ಸಾಲ. ಕಟ್ಟುವುದನ್ನು ನಿಲ್ಲಿಸು ಅಂದರೆ ಕೇಳಲಿಲ್ಲ. ಮಂತ್ರಿಗಳು ನಾಲ್ವರು ಡಾಕ್ಟರುಗಳಿಂದ ಹುಚ್ಚು ಅಂತ ಬರೆಸಿಕೊಂಡರು. ಆ ವರದಿಗಾಗಿ ಯಾರೂ ಅವನನ್ನು ಪರೀಕ್ಷೆ ಮಾಡಿರಲಿಲ್ಲ.

ಇದೇ ದ್ವೀಪದಲ್ಲಿ ಒಂದು ಹಳೇ ಮಠವೂ ಇದೆ. 1948ರ ಆಗಸ್ಟಿನಲ್ಲಿ ಪಶ್ಚಿಮ ಜರ್ಮನಿಯ ಸಂವಿಧಾನದ ಕರಡಿಗೆ ಇಲ್ಲೇ ಎರಡು ವಾರ ಕೂತು ಕೆಲಸ ಮಾಡಿದರು. ಜನರೆಲ್ಲ ಕನ್ನಡಿ ನೋಡಿ ದೋಣಿಗೆ ಓಡುತ್ತಾರೆ. ಸ್ವಲ್ಪ ಹೊತ್ತು ಇಲ್ಲೂ ನಿಲ್ಲಿ.

ಏಳನೇ ದಿನ: ಬೆರ್ಗ್

ಶ್ಟಾರ್ನ್‌ಬೆರ್ಗ್ ಕೆರೆ ಮ್ಯೂನಿಕ್ಕಿನಿಂದ ಲೋಕಲ್ ರೈಲಿನ ದೂರ. ದೋಣಿಯಲ್ಲಿ ಬೆರ್ಗ್ ದಡಕ್ಕೆ. ಅಲ್ಲಿನ ಅರಮನೆ ಈಗಲೂ ಮನೆತನದ ಸ್ವಂತದ್ದು, ಒಳಗೆ ಬಿಡುವುದಿಲ್ಲ. ಮರಗಳ ನಡುವೆ ನಡೆದರೆ ಒಂದು ಪುಟ್ಟ ಚರ್ಚ್, ಅದರ ಕೆಳಗೆ ನೀರಿನಲ್ಲಿ ನಿಂತ ಮರದ ಶಿಲುಬೆ.

1886ರ ಜೂನ್ 12ರಂದು ಲೂಡ್ವಿಗ್‌ನನ್ನು ನೊಯ್‌ಶ್ವಾನ್‌ಸ್ಟೈನಿನಿಂದ ಇಲ್ಲಿಗೆ ತಂದರು. ಮರುದಿನ ಸಂಜೆ, ಹುಚ್ಚು ಅಂತ ಬರೆದುಕೊಟ್ಟವರಲ್ಲೊಬ್ಬನಾದ ಡಾಕ್ಟರ್ ಗುಡೆನ್ ಜೊತೆ ವಾಕಿಂಗ್ ಹೋದ. ರಾತ್ರಿ ಇಬ್ಬರ ಹೆಣವೂ ದಡದ ಹತ್ತಿರ, ಆಳವಿಲ್ಲದ ನೀರಲ್ಲಿ ಸಿಕ್ಕವು. ರಾಜ ಆರಡಿ ಮೀರಿದ ಆಳು. ಅವನ ಗಡಿಯಾರ 6 ಗಂಟೆ 54 ನಿಮಿಷಕ್ಕೆ ನಿಂತಿತ್ತು. ಏನಾಯಿತು ಅನ್ನುವುದಕ್ಕೆ ಇವತ್ತಿಗೂ ಒಬ್ಬೊಬ್ಬರದು ಒಂದೊಂದು ಕಥೆ. ಏಳು ವಾರದೊಳಗೆ ನೊಯ್‌ಶ್ವಾನ್‌ಸ್ಟೈನ್ ಬಾಗಿಲು ಟಿಕೆಟ್ ಕೊಂಡವರಿಗೆ ತೆರೆಯಿತು. ನಾವು ಹೋಗುವ ಎರಡು ತಿಂಗಳ ಮುಂಚೆ, 2025ರ ಜುಲೈನಲ್ಲಿ, ಅವನ ಅರಮನೆಗಳು ಯುನೆಸ್ಕೋ ಪಟ್ಟಿಯನ್ನೂ ಸೇರಿದವು.

ದಂಡೆಯ ಬೆಂಚಿನ ಮೇಲೆ ಕೂತೆವು. ಅಮ್ಮ ಚೀಲದಿಂದ ಡಬ್ಬಿ ತೆಗೆದಳು. ನಿಂಬೆಹಣ್ಣಿನ ಚಿತ್ರಾನ್ನ, ಹಪ್ಪಳ. ಪೇಪರ್ ತಟ್ಟೆಗೆ ನನಗೂ ತಮ್ಮನಿಗೂ ಹಾಕಿದಳು. ಆಮೇಲೆ ಸೌಟು ಹಿಡಿದೇ ಕೂತಳು.

"ನೀನೂ ತಿನ್ನಮ್ಮ."

"ನಿಮ್ದಾಗ್ಲಿ. ಇನ್ನೊಂಚೂರು ಹಾಕ್ಲಾ?"

ಸೆಪ್ಟೆಂಬರಿನಲ್ಲಿ ಇಲ್ಲಿ ಕಣಜದ ಕಾಟ ಜಾಸ್ತಿ. ಎರಡು ಬಂದು ಹಪ್ಪಳದ ಮೇಲೆ ಕೂತವು. ತಮ್ಮ ಎದ್ದು ಕೈ ಬೀಸಿದ, ಅಮ್ಮ ಅವನಿಗೇ ಬೈದಳು. ಅಷ್ಟರಲ್ಲಿ ದೋಣಿ ಬರುವುದು ಕಾಣಿಸಿತು, ಮುಂದಿನದು ಒಂದೂವರೆ ಗಂಟೆಗೆ. ಡಬ್ಬಿ ಮುಚ್ಚಿಕೊಂಡು, ತಟ್ಟೆ ಕೈಯಲ್ಲೇ ಹಿಡಿದು, ಮೂವರೂ ಓಡಿದೆವು. ಈ ಸಲ ಲೇಟಾಗಲಿಲ್ಲ.